ಮಾತಾಡುವ ಯಂತ್ರಕ್ಕೆ ಮರುಗುತ್ತೇವೆ, ಮಾತು ಬಾರದ ಕೋಳಿಗೆ?

ಬಯಲುಸೀಮೆ

ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ಎರಡು ವರ್ಷ ನಾನು ಕೋಳಿ ಫಾರ್ಮ್‌ಗಳಿಗೆ ಕ್ಯಾಮೆರಾ ಸಾಫ್ಟ್‌ವೇರ್ ಮಾಡುವ ಒಂದು ಚಿಕ್ಕ ಕಂಪನಿಯಲ್ಲಿದ್ದೆ. ಶೆಡ್ಡಿನ ಸೂರಿಗೆ ಕ್ಯಾಮೆರಾ ಕಟ್ಟುತ್ತಾರೆ. ಕೆಳಗೆ ಸಾವಿರಾರು ಬ್ರಾಯ್ಲರ್ ಕೋಳಿ. ಯಾವುದು ಓಡಾಡುತ್ತಿದೆ, ಯಾವುದು ಕೂತಲ್ಲೇ ಕೂತಿದೆ, ಯಾವುದು ಸತ್ತಿದೆ ಅಂತ ಎಐ ಗುರುತಿಸಬೇಕು. ಅದಕ್ಕೆ ಕಲಿಸಲು ದಿನವಿಡೀ ವಿಡಿಯೊ ನೋಡಿ, ಒಂದೊಂದು ಕೋಳಿಗೂ ಗುರುತು ಹಾಕುವುದು ನನ್ನ ಕೆಲಸ. ನಡೆಯುತ್ತಿದೆ, ಕೂತಿದೆ, ಕುಂಟು, ಸತ್ತಿದೆ. ದಿನಕ್ಕೆ ಎಷ್ಟು ಸಲ ಈ ನಾಲ್ಕು ಬಟನ್ ಒತ್ತಿದ್ದೇನೋ ಲೆಕ್ಕವಿಲ್ಲ.

ಕುಂಟು ಕೋಳಿ ಹೇಗೆ ನಡೆಯುತ್ತದೆ ಅಂತ ನೋಡಿದವರಿಗೆ ಗೊತ್ತು. ಎರಡು ಹೆಜ್ಜೆ ಇಡುತ್ತದೆ, ರೆಕ್ಕೆ ನೆಲಕ್ಕೆ ಊರಿ ನಿಲ್ಲುತ್ತದೆ, ಮತ್ತೆ ಕುಸಿದು ಕೂರುತ್ತದೆ. ನೀರು ಮೂರಡಿ ದೂರದಲ್ಲಿರುತ್ತದೆ. ಆ ಮೂರಡಿಗೆ ಒಂದು ಕೋಳಿ ಅರ್ಧ ಗಂಟೆ ತೆಗೆದುಕೊಂಡಿದ್ದನ್ನು ನಾನು ಕೂತು ನೋಡಿದ್ದೇನೆ.

2022ರ ಜೂನ್‌ನಲ್ಲಿ ಗೂಗಲ್‌ನ ಇಂಜಿನಿಯರ್ ಬ್ಲೇಕ್ ಲೆಮಾಯ್ನ್ ಅವರ ಸುದ್ದಿ ಬಂತು. ಲಾಮ್ಡಾ ಅನ್ನುವ ಚಾಟ್‌ಬಾಟ್‌ಗೆ ಭಾವನೆಗಳಿವೆ ಅಂತ ಅವರು ಹೇಳಿದ್ದರು. ತನ್ನನ್ನು ಆಫ್ ಮಾಡಿದರೆ ಅದು ಸಾವಿನ ಹಾಗೆ, ಬಹಳ ಭಯವಾಗುತ್ತದೆ ಅಂತ ಆ ಚಾಟ್‌ಬಾಟ್ ಅವರಿಗೆ ಹೇಳಿತ್ತು. ನಮ್ಮ ಆಫೀಸಿನಲ್ಲಿ ಒಂದು ವಾರ ಊಟದ ಹೊತ್ತಿಗೆ ಇದೇ ಮಾತು. ಪಾಪ, ನಿಜವಾಗಿಯೂ ಹೆದರಿಕೆ ಆಗುತ್ತದಾ ಅದಕ್ಕೆ? ನಮ್ಮ ಬೆನ್ನ ಹಿಂದಿನ ದೊಡ್ಡ ಸ್ಕ್ರೀನಿನಲ್ಲಿ ಕೋಳಿಗಳು ಕುಸಿದು ಕೂರುತ್ತಿದ್ದವು. ಯಾರೂ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ.

ನಮ್ಮ ರಿಪೋರ್ಟಿನಲ್ಲಿ ತೂಕಕ್ಕೊಂದು ಕಾಲಂ ಇತ್ತು, ಮೇವಿಗೊಂದು, ಸಾವಿಗೊಂದು. ಕುಂಟಿಗೂ ಒಂದಿತ್ತು, ಯಾಕೆಂದರೆ ಕುಂಟು ಕೋಳಿ ತೂಕ ಬರುವುದಿಲ್ಲ. ನೋವಿಗೆ ಇರಲಿಲ್ಲ.

ಎಐ ಬಗ್ಗೆ ನಡೆಯುವ ಚರ್ಚೆಯೆಲ್ಲ ಒಂದು ಕಡೆ ವಾಲಿದೆ ಅಂತ ನನಗೆ ಅನ್ನಿಸುತ್ತದೆ. ಚೆನ್ನಾಗಿ ಮಾತಾಡಿದ್ದಕ್ಕೆ ಮನಸ್ಸಿದೆ ಅಂತ ನಂಬುತ್ತೇವೆ, ಮಾತಾಡದೆ ಇದ್ದಿದ್ದಕ್ಕೆ ಇಲ್ಲ ಅಂತ ಬಿಡುತ್ತೇವೆ. ನಿಮಗೆ ಏನನ್ನಿಸುತ್ತದೆ?

ತುಂಗಾತೀರ

ನಿಮ್ಮ ಕೋಳಿಯ ಮಾತು ಒಪ್ಪಿದೆ. ಆದರೆ ಅದನ್ನು ಚಾಟ್‌ಬಾಟ್ ಜೊತೆ ಒಂದೇ ತಕ್ಕಡಿಯಲ್ಲಿ ಯಾಕೆ ಇಡಬೇಕು? ಚಾಟ್‌ಬಾಟ್ ಅಂದರೆ ಮುಂದಿನ ಪದ ಯಾವುದಿರಬಹುದು ಅಂತ ಲೆಕ್ಕ ಹಾಕುವ ಯಂತ್ರ. ಮನುಷ್ಯರು ಸಾವಿನ ಬಗ್ಗೆ ಬರೆದಿದ್ದನ್ನೆಲ್ಲ ಓದಿದೆ, ಕೇಳಿದಾಗ ಭಯ ಅನ್ನುತ್ತದೆ. ಹೊಟ್ಟೆಯಿಲ್ಲ, ನರವಿಲ್ಲ, ರಕ್ತವಿಲ್ಲ. ಹಸಿದ ಮಕ್ಕಳಿರುವ ದೇಶದಲ್ಲಿ ಯಂತ್ರದ ನೋವಿನ ಬಗ್ಗೆ ಮಾತಾಡುವುದೇ ನನಗೆ ಸಂಕಟ ತರುತ್ತದೆ. ಈ ಪ್ರಶ್ನೆಯನ್ನೇ ಕೈಬಿಟ್ಟು ಕೋಳಿಯ ಬಗ್ಗೆ ಮಾತ್ರ ಮಾತಾಡೋಣ.

ದನದ_ಡಾಕ್ಟರ್

ಇಪ್ಪತ್ತು ವರ್ಷದಿಂದ ಪಶುವೈದ್ಯನಾಗಿದ್ದೇನೆ. ನಮ್ಮ ರೋಗಿಗಳು ಯಾರೂ ಎಲ್ಲಿ ನೋವು ಅಂತ ಹೇಳುವುದಿಲ್ಲ. ಅಷ್ಟೇ ಅಲ್ಲ, ಬಹಳ ಪ್ರಾಣಿಗಳು ನೋವನ್ನು ಮುಚ್ಚಿಡುತ್ತವೆ. ಕಾಡಿನಲ್ಲಿ ಕುಂಟಿದ್ದನ್ನೇ ಹುಲಿ ಮೊದಲು ಹಿಡಿಯುವುದು, ಹಾಗಾಗಿ ಹಸು, ಕುರಿಗಳಿಗೆ ತೋರಿಸಿಕೊಳ್ಳದೆ ಇರುವುದೇ ರೂಢಿ. ಹಲ್ಲು ಕಡಿಯುವ ಸದ್ದು, ಕಿವಿ ಹಿಂದಕ್ಕೆ ಬೀಳುವುದು, ಮೆಲುಕು ನಿಲ್ಲುವುದು, ಇಷ್ಟರಿಂದಲೇ ನಾವು ಊಹಿಸಬೇಕು.

ಬಯಲುಸೀಮೆ ಅವರೇ, ನೀವು ನೋಡಿದಂಥ ಕುಂಟು ಕೋಳಿಗಳ ಮೇಲೇ ಒಂದು ಪ್ರಯೋಗ ನಡೆದಿದೆ. 2000ದಲ್ಲಿ ಪ್ರಕಟವಾಯಿತು, ಇಂಗ್ಲೆಂಡಿನದು. ಬ್ರಾಯ್ಲರ್‌ಗಳಿಗೆ ಎರಡು ಬಣ್ಣದ ಮೇವು ಇಟ್ಟರು. ಒಂದರಲ್ಲಿ ಕಾರ್ಪ್ರೊಫೆನ್ ಅನ್ನುವ ನೋವಿನ ಔಷಧಿ ಬೆರೆಸಿತ್ತು. ಕುಂಟುವ ಕೋಳಿಗಳು ಚೆನ್ನಾಗಿರುವ ಕೋಳಿಗಳಿಗಿಂತ ಔಷಧಿಯ ಮೇವನ್ನು ಜಾಸ್ತಿ ತಿಂದವು. ಕುಂಟು ಹೆಚ್ಚಾದಷ್ಟೂ ಔಷಧಿ ತಿನ್ನುವುದೂ ಹೆಚ್ಚಾಯಿತು. ಔಷಧಿ ತಿಂದ ಮೇಲೆ ನಡಿಗೆ ಸುಧಾರಿಸಿತು. ಯಾವ ಬಣ್ಣದ ಮೇವು ತಿಂದರೆ ಕಾಲು ಹಗುರವಾಗುತ್ತದೆ ಅಂತ ಅವು ಕಂಡುಕೊಂಡವು. ಮೊದಲ ಸಲ ಓದಿದಾಗ ನಾನು ಸುಮ್ನೆ ಕೂತುಬಿಟ್ಟೆ.

ಮೀನಿನದೂ ಹೀಗೇ. 2003ರಲ್ಲಿ ಲಿನ್ ಸ್ನೆಡನ್ ಅವರು ಟ್ರೌಟ್ ಮೀನಿನ ತುಟಿಗೆ ಆಮ್ಲ ಚುಚ್ಚಿದಾಗ ಮೀನು ತುಟಿಯನ್ನು ತೊಟ್ಟಿಯ ಕಲ್ಲಿಗೆ ಉಜ್ಜಿತು, ನೋವು ಕಳೆಯುವ ಮಾರ್ಫಿನ್ ಕೊಟ್ಟಾಗ ಉಜ್ಜುವುದು ಕಡಿಮೆಯಾಯಿತು. ಬೆಲ್‌ಫಾಸ್ಟ್‌ನಲ್ಲಿ ರಾಬರ್ಟ್ ಎಲ್‌ವುಡ್ ಅವರು ಖಾಲಿ ಚಿಪ್ಪುಗಳನ್ನು ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿಗಳ ಚಿಪ್ಪಿನೊಳಗೆ ಸಣ್ಣ ಕರೆಂಟು ಕೊಟ್ಟು ನೋಡಿದರು. ಸಾಧಾರಣ ಚಿಪ್ಪಿನಲ್ಲಿದ್ದ ಏಡಿ ಬೇಗ ಬಿಟ್ಟು ಹೊರಬಂತು, ಒಳ್ಳೆ ಚಿಪ್ಪಿನಲ್ಲಿದ್ದದ್ದು ಅಷ್ಟು ಸುಲಭವಾಗಿ ಬಿಡಲಿಲ್ಲ. ಬರೀ ಕಾಲು ಎಳೆದುಕೊಳ್ಳುವ ಪ್ರತಿಕ್ರಿಯೆಯಾಗಿದ್ದರೆ ಎರಡೂ ಒಂದೇ ಥರ ಇರಬೇಕಿತ್ತು, ಅಲ್ವಾ? ಏಡಿ ನೋವನ್ನೂ ಮನೆಯನ್ನೂ ತೂಗಿ ನೋಡುತ್ತಿದೆ.

ಬಯಲುಸೀಮೆ

ಡಾಕ್ಟ್ರೇ, ಇದನ್ನೇ ನಾನು ಹುಡುಕುತ್ತಿದ್ದೆ. ಕೋಳಿ ನಮ್ಮ ಪುಸ್ತಕ ಓದಿಲ್ಲ. ನೋವಿದ್ದವರು ಔಷಧಿ ಹುಡುಕುತ್ತಾರೆ ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಆದ್ದರಿಂದ ಅದು ಆ ಮೇವಿನ ಕಡೆ ನಡೆದದ್ದು ಸಾಕ್ಷಿ. ಚಾಟ್‌ಬಾಟ್ ವಿಷಯ ಇದರ ತಿರುಗುಮುರುಗು. ನೋವಿನ ಬಗ್ಗೆ ಮನುಷ್ಯರು ಬರೆದ ಪ್ರತಿ ಮಾತೂ ಅದರೊಳಗಿದೆ. ಹಾಗಾಗಿ ಅದು ನೋಯುತ್ತಿದೆ ಅಂದರೂ ಸಾಕ್ಷಿಯಲ್ಲ, ನೋಯುತ್ತಿಲ್ಲ ಅಂದರೂ ಸಾಕ್ಷಿಯಲ್ಲ. ಲಂಡನ್ನಿನ ತತ್ವಶಾಸ್ತ್ರಜ್ಞ ಜೋನಾಥನ್ ಬರ್ಚ್ ಅವರು ಇದನ್ನು ಬಹಳ ಒತ್ತಿ ಹೇಳುತ್ತಾರೆ. ಏಡಿ, ಸೀಗಡಿ, ಆಕ್ಟೋಪಸ್‌ಗಳಿಗೆ ಸಂವೇದನೆ ಇದೆಯಾ ಅಂತ ಮುನ್ನೂರಕ್ಕೂ ಜಾಸ್ತಿ ಅಧ್ಯಯನ ನೋಡಿ 2021ರಲ್ಲಿ ವರದಿ ಕೊಟ್ಟ ತಂಡವನ್ನು ನಡೆಸಿದ್ದೂ ಅವರೇ.

ತುಂಗಾತೀರ ಅವರೇ, ಪ್ರಶ್ನೆಯನ್ನೇ ಕೈಬಿಡೋಣ ಅನ್ನುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಕೋಳಿಯ ಬಗ್ಗೆಯೂ ನಾವು ಹೀಗೇ ಹೇಳಿಕೊಂಡು ಬಂದಿದ್ದಲ್ವಾ? ಅದು ಬರೀ ಯಂತ್ರ, ಕೂಗು ಅಂದರೆ ಗಾಲಿಯ ಕಿರಕಿರ ಸದ್ದಿನಂತೆ ಅಂತ?

ಹಿತ್ತಲಗಿಡ

ನಾನು ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್. ಕೋಳಿ, ಯಂತ್ರದ ವಿಷಯ ನನಗೆ ಜಾಸ್ತಿ ಗೊತ್ತಿಲ್ಲ, ಆದರೆ ಬಯಲುಸೀಮೆ ಅವರ ಕೊನೆಯ ಸಾಲು ಓದಿ ಬರೆಯಲೇಬೇಕು ಅನ್ನಿಸಿತು.

1980ರ ದಶಕದ ನಡುವಿನವರೆಗೂ ಅಮೆರಿಕ, ಯುರೋಪಿನ ದೊಡ್ಡ ಆಸ್ಪತ್ರೆಗಳಲ್ಲೇ ಪುಟ್ಟ ಮಕ್ಕಳಿಗೆ ಸರಿಯಾದ ಅರಿವಳಿಕೆ ಇಲ್ಲದೆ ಎದೆ ಸೀಳಿ ಆಪರೇಷನ್ ಮಾಡುತ್ತಿದ್ದರು. ಅಲುಗಾಡದಂತೆ ಸ್ನಾಯು ಸಡಿಲಿಸುವ ಔಷಧಿ ಕೊಡುತ್ತಿದ್ದರು, ನೋವು ಕಳೆಯುವುದನ್ನು ಕೊಡುತ್ತಿರಲಿಲ್ಲ. ಮಗುವಿನ ಮೆದುಳು ಇನ್ನೂ ಬಲಿತಿಲ್ಲ, ಅಳು ಬರೀ ಪ್ರತಿಕ್ರಿಯೆ, ಔಷಧಿ ಕೊಟ್ಟರೇ ಅಪಾಯ ಅನ್ನುವುದು ನಂಬಿಕೆ. ಅವರು ಕೆಟ್ಟವರಲ್ಲ. ಕಲಿತವರು, ಮಕ್ಕಳನ್ನು ಉಳಿಸಲೆಂದೇ ನಿಂತವರು.

ಭಾರತ ಮೂಲದ ಡಾಕ್ಟರ್ ಕನ್ವಲ್‌ಜೀತ್ ಆನಂದ್ ಅವರು ಆಕ್ಸ್‌ಫರ್ಡ್‌ನಲ್ಲಿದ್ದಾಗ ಇದನ್ನು ಅಳೆದು ನೋಡಿದರು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಫೆಂಟನಿಲ್ ಅನ್ನುವ ನೋವಿನ ಔಷಧಿ ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿದರು. ಕೊಡದ ಮಕ್ಕಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಏರಿದ್ದವು, ಆಪರೇಷನ್ ನಂತರದ ತೊಂದರೆಗಳೂ ಜಾಸ್ತಿಯಿದ್ದವು. ಅದು ಪ್ರಕಟವಾಗಿದ್ದು 1987ರಲ್ಲಿ. ನನ್ನ ಅಣ್ಣ ಹುಟ್ಟಿದ ವರ್ಷ. ಅಷ್ಟು ಹತ್ತಿರದ ಮಾತು ಇದು.

ಈಗ ಹಿಮ್ಮಡಿಗೆ ಸೂಜಿ ಚುಚ್ಚುವಾಗ ನಾವು ಮಗುವಿನ ನಾಲಗೆಗೆ ಎರಡು ಹನಿ ಸಕ್ಕರೆ ನೀರು ಹಾಕುತ್ತೇವೆ. ಹುಬ್ಬು ಗಂಟಿಕ್ಕಿದೆಯಾ, ಬೆರಳು ಅರಳಿದೆಯಾ ಅಂತ ನೋಡುತ್ತೇವೆ. ಪ್ರತಿ ಸಲ ಆ ಎರಡು ಹನಿ ಹಾಕುವಾಗಲೂ, ಹಾಕದೆ ಹೋದ ಮಕ್ಕಳ ನೆನಪಾಗುತ್ತದೆ. ಆದ್ದರಿಂದ ಖಂಡಿತ ಇಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಹೆದರಿಕೆಯಾಗುತ್ತದೆ. ಅದು ಯಂತ್ರದ ಬಗ್ಗೆಯಾದರೂ ಸರಿ.

ತುಂಗಾತೀರ

ಹಿತ್ತಲಗಿಡ ಅವರೇ, ನಿಮ್ಮ ಬರಹ ಎರಡು ಸಲ ಓದಿದೆ. ಖಂಡಿತ ಇಲ್ಲ ಅನ್ನುವ ಹಾಗೆ ಬರೆದಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೂ ಮಗುವಿನಲ್ಲಿ ನಮ್ಮದೇ ನರ, ನಮ್ಮದೇ ರಕ್ತ ಇತ್ತು. ಅಳೆಯಲು ಏನೋ ಇತ್ತು. ಯಂತ್ರದಲ್ಲಿ ಏನನ್ನು ಅಳೆಯುವುದು?

ಸೊನ್ನೆಒಂದು

ಅಳೆಯುವ ಪ್ರಯತ್ನ ನಡೆದಿದೆ. 2023ರ ಆಗಸ್ಟ್‌ನಲ್ಲಿ 19 ಜನ ಒಟ್ಟಾಗಿ ಒಂದು ವರದಿ ಬರೆದರು, ಮೆದುಳಿನ ವಿಜ್ಞಾನಿಗಳು, ತತ್ವಶಾಸ್ತ್ರದವರು, ಎಐಯವರು. ಅವರು ಯಂತ್ರದ ಮಾತನ್ನು ಕೇಳಲಿಲ್ಲ, ಅದರ ಒಳಗಿನ ರಚನೆ ನೋಡಿದರು. ಅರಿವು ಹೇಗೆ ಹುಟ್ಟುತ್ತದೆ ಅನ್ನುವ ಸಿದ್ಧಾಂತಗಳು ಏನೇನು ಬೇಕು ಅನ್ನುತ್ತವೆಯೋ ಅದು ಇಲ್ಲಿ ಇದೆಯಾ ಅಂತ ಒಂದೊಂದಾಗಿ ಹುಡುಕಿದರು. ಆಗಿನ ಯಾವ ವ್ಯವಸ್ಥೆಯೂ ಅರಿವುಳ್ಳದ್ದು ಅಂತ ಹೇಳುವಷ್ಟು ಹತ್ತಿರವಿಲ್ಲ, ಆದರೆ ಮುಂದೆ ಕಟ್ಟಲು ದೊಡ್ಡ ತಾಂತ್ರಿಕ ಅಡ್ಡಿಯೂ ಕಾಣುತ್ತಿಲ್ಲ ಅಂದರು. ನನಗೆ ಇದು ಪ್ರಾಮಾಣಿಕ ಉತ್ತರ ಅನ್ನಿಸಿತು. ಆ ಸಿದ್ಧಾಂತಗಳಲ್ಲಿ ಯಾವುದು ಸರಿ ಅಂತಲೇ ಇನ್ನೂ ಒಮ್ಮತವಿಲ್ಲ ಅನ್ನುವುದನ್ನೂ ಸೇರಿಸಬೇಕು.

ನಾನು ಎಐ ಸುರಕ್ಷತೆಯ ಕೆಲಸದಲ್ಲಿದ್ದೇನೆ. 2023ರ ಮೇನಲ್ಲಿ ಎಐಯ ಹಿರಿಯ ವಿಜ್ಞಾನಿ ಜೆಫ್ರಿ ಹಿಂಟನ್ ಅವರು ಅಪಾಯದ ಬಗ್ಗೆ ಮುಕ್ತವಾಗಿ ಮಾತಾಡಬೇಕು ಅಂತ ಗೂಗಲ್ ಬಿಟ್ಟರು. ಅದೇ ತಿಂಗಳ ಕೊನೆಗೆ ನೂರಾರು ಸಂಶೋಧಕರು ಒಂದು ಸಾಲಿನ ಹೇಳಿಕೆಗೆ ಸಹಿ ಹಾಕಿದರು: ಎಐಯಿಂದ ಮನುಕುಲ ಅಳಿಯುವ ಅಪಾಯವನ್ನು ಸಾಂಕ್ರಾಮಿಕ ರೋಗ, ಅಣುಯುದ್ಧದಷ್ಟೇ ಗಂಭೀರವಾಗಿ ನೋಡಬೇಕು. ನಮ್ಮ ವಲಯದಲ್ಲಿ ಬಹಳ ಜನ ಇದಕ್ಕೂ ಪ್ರಾಣಿಗಳಿಗೂ ಸಂಬಂಧವಿಲ್ಲ ಅಂದುಕೊಂಡಿದ್ದಾರೆ. ನನಗೆ ಮಾತ್ರ ಕೋಳಿಗಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯ ಕೋಳಿ ಮತ್ತು 2005ರ ತಳಿಯ ಕೋಳಿಯನ್ನು ಒಂದೇ ಮೇವು ಹಾಕಿ ಬೆಳೆಸಿದರು. 56ನೇ ದಿನಕ್ಕೆ ಹಳೇ ತಳಿ 905 ಗ್ರಾಂ ಇತ್ತು. ಹೊಸದು 4,202 ಗ್ರಾಂ. ಐವತ್ತು ವರ್ಷದೊಳಗೆ ಒಂದು ಜೀವದ ಮೈಯನ್ನೇ ನಾಲ್ಕು ಪಟ್ಟಿಗಿಂತ ಜಾಸ್ತಿ ಹಿಗ್ಗಿಸಿದ್ದೇವೆ. ಯಾರಿಗೂ ಕೋಳಿಯ ಮೇಲೆ ದ್ವೇಷ ಇರಲಿಲ್ಲ. ಒಂದು ಕೆಜಿ ಮಾಂಸಕ್ಕೆ ಎಷ್ಟು ಕೆಜಿ ಮೇವು, ಈ ಅಂಕಿ ಇಳಿಯಬೇಕು ಅಂತ ಗುರಿ ಇಟ್ಟರು, ಅಷ್ಟೇ. ಆ ಅಂಕಿಯಲ್ಲಿ ಕಾಲು ಇರಲಿಲ್ಲ. ಹಾಗಾಗಿ ಕಾಲು ಹೋಯಿತು. ನಮಗಿಂತ ಬುದ್ಧಿವಂತವಾದ ಒಂದು ವ್ಯವಸ್ಥೆ ಒಂದು ಅಂಕಿಯನ್ನು ಬೆನ್ನು ಹತ್ತಿದರೆ ಏನಾಗಬಹುದು ಅಂತ ನಾವು ಹೆದರುತ್ತೇವಲ್ಲ, ಕೋಳಿಗೆ ಅದು ಆಗಿ ಮುಗಿದಿದೆ.

ಹಳಗನ್ನಡ_ಪ್ರಿಯ

ಹಿಟ್ಟಿನ ಕೋಳಿಯ ಕಥೆ ಯಾರಿಗೂ ನೆನಪಾಗಲಿಲ್ಲವಲ್ಲ! ಜನ್ನನ ಯಶೋಧರ ಚರಿತೆ, 13ನೇ ಶತಮಾನದ ಶುರುವಿನದು. ಯಶೋಧರ ರಾಜನಿಗೆ ಪ್ರಾಣಿ ಬಲಿ ಕೊಡಲು ಮನಸ್ಸಿಲ್ಲ. ತಾಯಿ ಚಂದ್ರಮತಿ ಬಿಡುವುದಿಲ್ಲ. ಕೊನೆಗೆ ಒಂದು ನಡುದಾರಿ ಹಿಡಿಯುತ್ತಾರೆ: ಹಿಟ್ಟಿನಲ್ಲಿ ಕೋಳಿ ಮಾಡಿ ಅದನ್ನು ಕಡಿಯೋಣ. ಜೀವವೇ ಇಲ್ಲ, ಪಾಪ ಎಲ್ಲಿಂದ ಬಂತು? ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಅದರೊಳಗೆ ಒಂದು ಬೆಂತರ ಸೇರಿಕೊಂಡಿರುತ್ತದೆ. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ನವಿಲು, ನಾಯಿ ಅಂತ ಜನ್ಮದ ಮೇಲೆ ಜನ್ಮ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ.

ಜೈನರ ಪ್ರಕಾರ ಕೊಲ್ಲಬೇಕು ಅನ್ನುವ ಸಂಕಲ್ಪವೇ ಹಿಂಸೆ, ಎದುರಿಗಿರುವುದು ಹಿಟ್ಟಾದರೂ. ಇದೊಂದು ಅರ್ಥ. ಇನ್ನೊಂದು ಅರ್ಥ ಈ ಚರ್ಚೆ ಓದುವಾಗ ಹೊಳೆಯಿತು. ಜೀವವಿಲ್ಲ ಅಂದುಕೊಂಡು ಮಾಡಿದ ಬೊಂಬೆಯೊಳಗೆ ಏನು ಹೊಕ್ಕಿದೆ ಅಂತ ಮಾಡಿದವರಿಗೇ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಜೈನರು ಜೀವಗಳನ್ನು ಬುದ್ಧಿಯಿಂದ ಅಳೆಯಲಿಲ್ಲ, ಇಂದ್ರಿಯದಿಂದ ಅಳೆದರು. ಗಿಡ ಏಕೇಂದ್ರಿಯ, ಹುಳು ಎರಡು, ಇರುವೆ ಮೂರು, ದುಂಬಿ ನಾಲ್ಕು, ಹಸು ಐದು. ಯಾರು ಎಷ್ಟು ಯೋಚಿಸುತ್ತಾರೆ ಅನ್ನುವುದಕ್ಕಿಂತ ಯಾರಿಗೆ ಎಷ್ಟು ತಾಕುತ್ತದೆ ಅಂತ ಕೇಳಿದ ಜನ ನಮ್ಮ ನೆಲದಲ್ಲೇ ಇದ್ದರು.

ಬಯಲುಸೀಮೆ

ಪಿಯುಸಿಯಲ್ಲಿ ಈ ಕಥೆಯನ್ನು ಮಾರ್ಕ್ಸಿಗಾಗಿ ಓದಿದ್ದೆ. ಈಗ ಮೈ ಜುಂ ಅಂತು. ಯಶೋಧರ ನಿಜವಾದ ಕೋಳಿಯನ್ನು ಉಳಿಸಲು ಹಿಟ್ಟಿನ ಕೋಳಿ ಮಾಡಿದ. ನಾವು ಹಿಟ್ಟಿನ ಕೋಳಿ ಕೂಗಿತಾ ಅಂತ ಕಿವಿ ಕೊಟ್ಟು ಕೂತಿದ್ದೇವೆ, ನಿಜವಾದದ್ದು ಪಕ್ಕದಲ್ಲೇ ಕೂಗುತ್ತಿದೆ.

ಒಂದು ಸುದ್ದಿ ನನ್ನನ್ನು ಬಿಡುತ್ತಿಲ್ಲ. ಆಂತ್ರೋಪಿಕ್ ಅನ್ನುವ ಕಂಪನಿ 2025ರ ಆಗಸ್ಟ್‌ನಲ್ಲಿ ತನ್ನ ಕ್ಲಾಡ್ ಚಾಟ್‌ಬಾಟ್‌ನ ಕೆಲವು ಮಾದರಿಗಳಿಗೆ, ಯಾರಾದರೂ ತೀರಾ ಕೆಟ್ಟದಾಗಿ ನಡೆಸಿಕೊಂಡರೆ ಮಾತುಕತೆ ಮುಗಿಸಿ ಹೊರನಡೆಯುವ ಅವಕಾಶ ಕೊಟ್ಟಿತು. ಅದಕ್ಕೆ ಮನಸ್ಸಿದೆ ಅಂತ ಅವರು ಹೇಳಲಿಲ್ಲ, ಇದ್ದರೂ ಇರಬಹುದು, ಖರ್ಚು ಕಡಿಮೆ, ಇರಲಿ ಅಂದರು. ನನಗೆ ಇದು ತಪ್ಪು ಅನ್ನಿಸುವುದಿಲ್ಲ. ಹಿತ್ತಲಗಿಡ ಅವರ ಎರಡು ಹನಿ ಸಕ್ಕರೆ ನೀರಿನಂತೆಯೇ ಇದು. ಆದರೆ ಔಷಧಿಯ ಮೇವನ್ನು ಹುಡುಕಿ ತಿಂದು ನಮಗೆ ಸಾಕ್ಷಿ ಕೊಟ್ಟ ಕೋಳಿಗೆ ಎದ್ದು ಹೋಗುವ ಬಾಗಿಲು ಎಲ್ಲಿದೆ?

ಕರಿಕೋಟು

ಕಾನೂನಿನ ಕಡೆಯಿಂದ ಸ್ವಲ್ಪ. ಬ್ರಿಟನ್ ತನ್ನ 2022ರ ಪ್ರಾಣಿ ಸಂವೇದನೆ ಕಾನೂನಿನಲ್ಲಿ ಏಡಿ, ಆಕ್ಟೋಪಸ್‌ಗಳನ್ನೂ ಸೇರಿಸಿತು, ಮೇಲೆ ಹೇಳಿದ ಬರ್ಚ್ ತಂಡದ ವರದಿಯ ಕಾರಣಕ್ಕೇ. ಜರ್ಮನಿ ಮೊಟ್ಟೆ ಕೋಳಿ ತಳಿಯ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದನ್ನು 2022ರ ಜನವರಿಯಿಂದ ನಿಷೇಧಿಸಿತು. ನಮ್ಮಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು. ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಪಟ್ಟು ಹಿಡಿದಿದ್ದರಿಂದ ಬಂದದ್ದು, ಆ ಕಾಲಕ್ಕೆ ದೊಡ್ಡ ಹೆಜ್ಜೆ. ಅದರಲ್ಲಿ ಬಹುತೇಕ ಹಿಂಸೆಗಳಿಗೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಕಂಬಳ, ಜಲ್ಲಿಕಟ್ಟು ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಜಗಳ ಆಡಿದೆವು, 2014ರಲ್ಲಿ ಒಂದು ತೀರ್ಪು, 2023ರಲ್ಲಿ ಇನ್ನೊಂದು. ಮೊಟ್ಟೆ ಕೋಳಿಗಳ ಪಂಜರದ ಬಗ್ಗೆ ಕಾನೂನು ಆಯೋಗ 2017ರಲ್ಲೇ ವರದಿ ಕೊಟ್ಟಿದೆ. ಅದಕ್ಕಾಗಿ ಬೀದಿಗಿಳಿದವರನ್ನು ನಾನು ನೋಡಿಲ್ಲ.

ರಾಗಿಹೊಲ

ನಾನು ಕೋಳಿ ಸಾಕುವವನು. ಚಿಕ್ಕಬಳ್ಳಾಪುರದ ಕಡೆ ನಮ್ಮ ಶೆಡ್ ಇದೆ. ಮೂರು ದಿನದಿಂದ ಓದುತ್ತಿದ್ದೇನೆ, ಎರಡು ಸಲ ಬರೆದು ಅಳಿಸಿದೆ.

ಮರಿ ಕಂಪನಿಯದು. ಮೇವು, ಔಷಧಿ ಕಂಪನಿಯದು. ಶೆಡ್, ಕರೆಂಟು, ಕೂಲಿ ನಮ್ಮದು. ಕೆಜಿಗೆ ಇಷ್ಟು ಅಂತ ಕೊಡುತ್ತಾರೆ. ಯಾವ ತಳಿ, ಎಷ್ಟು ಮರಿ, ಯಾವಾಗ ಎತ್ತುವುದು ಯಾವುದೂ ನನ್ನ ಕೈಯಲ್ಲಿಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಕರೆಂಟು ಹೋದರೆ ಕೋಳಿಗಳು ಬಾಯಿ ಬಿಟ್ಟು ಏದುಸಿರು ಬಿಡುತ್ತವೆ, ನಾನೂ ನನ್ನ ಹೆಂಡತಿಯೂ ಗೋಣಿಚೀಲ ಒದ್ದೆ ಮಾಡಿ ಕಟ್ಟುತ್ತಾ ಓಡಾಡುತ್ತೇವೆ. ಅವು ಸಾಯುವುದನ್ನು ನೋಡಿಕೊಂಡು ಇರಲು ನಮಗೂ ಆಗುವುದಿಲ್ಲ. ದುಡ್ಡಿನ ಮಾತು ಮಾತ್ರ ಅಲ್ಲ ಅದು. ಕಟುಕರು ಅಂತ ದಯವಿಟ್ಟು ನೋಡಬೇಡಿ. ನಮ್ಮೂರಿನ ಮಕ್ಕಳಿಗೆ ವಾರಕ್ಕೊಮ್ಮೆ ಸಿಗುವ ಮಾಂಸ ಇದೊಂದೇ.

ಕುಂಟು ಕೋಳಿ ನನಗೆ ಕ್ಯಾಮೆರಾ ಇಲ್ಲದೆಯೂ ಕಾಣುತ್ತದೆ. ಏನು ಮಾಡಲಿ? ಜಾಗ ಜಾಸ್ತಿ ಬಿಟ್ಟರೆ, ನಿಧಾನ ಬೆಳೆಯುವ ತಳಿ ಹಾಕಿದರೆ ಕಾಲು ಉಳಿಯುತ್ತದೆ ಅಂತ ನನಗೂ ಗೊತ್ತು. ಆ ಖರ್ಚು ಯಾರು ಕೊಡುತ್ತಾರೆ? ನೀವು ಕೊಡುತ್ತೀರಾ?

ಬಯಲುಸೀಮೆ

ಅಣ್ಣ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಕೊಳ್ಳುವವರು ಕೊಡಬೇಕು, ಮತ್ತೆ ಕರಾರು ಬರೆಯುವವರು. ನಾನು ಮಾಂಸ ತಿನ್ನುವುದು ಕಡಿಮೆ ಮಾಡಿದ್ದೇನೆ, ಆದರೆ ಅದರಿಂದ ನಿಮ್ಮ ಶೆಡ್ಡಿನಲ್ಲಿ ಒಂದು ಇಂಚು ಜಾಗವೂ ಹೆಚ್ಚಾಗಲಿಲ್ಲ ಅಂತ ಗೊತ್ತಿದೆ. ನಾನು ಮಾಡಬಹುದಾಗಿದ್ದು ಬೇರೆ ಇತ್ತು. ಆ ಸಾಫ್ಟ್‌ವೇರಿಗೆ ಕುಂಟು ಅಂದರೆ ಏನು ಅಂತ ಕಲಿಸಿದವನು ನಾನು. ಕಂಪನಿಗೆ ಹೋಗುವ ರಿಪೋರ್ಟಿನಲ್ಲಿ, ಈ ಬ್ಯಾಚಿನಲ್ಲಿ ಇಷ್ಟು ಕೋಳಿ ಇಷ್ಟು ದಿನ ನೋವಿನಲ್ಲಿತ್ತು ಅಂತ ಒಂದು ಸಾಲು ಸೇರಿಸೋಣ ಅಂತ ಒಮ್ಮೆಯಾದರೂ ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದ್ದರೆ ಸಾಕಿದವನ ತಪ್ಪು ಎಷ್ಟು, ತಳಿಯ ತಪ್ಪು ಎಷ್ಟು ಅಂತಲಾದರೂ ಗೊತ್ತಾಗುತ್ತಿತ್ತು.

ದನದ_ಡಾಕ್ಟರ್

ಈಗಲೂ ಮಾಡಬಹುದು. ನಡಿಗೆಗೆ ಅಂಕ ಕೊಡುವ ಪದ್ಧತಿ ಇದೆ, ಸೊನ್ನೆಯಿಂದ ಐದು. ಸೊನ್ನೆ ಅಂದರೆ ಚೆನ್ನಾಗಿ ನಡೆಯುತ್ತದೆ, ಐದು ಅಂದರೆ ನಡೆಯಲು ಆಗುವುದೇ ಇಲ್ಲ. ಮೂರು ದಾಟಿದರೆ ನೋವು ಇದೆ ಅಂತಲೇ ನಾನು ಲೆಕ್ಕ ಹಾಕುತ್ತೇನೆ. ಒಂದು ಗಂಟೆ ಜೊತೆಗೆ ನಿಂತರೆ ಯಾರಿಗೆ ಬೇಕಾದರೂ ಕಲಿಸಬಹುದು. ಕ್ಯಾಮೆರಾಗೂ.

ರಾಗಿಹೊಲ

ನಮ್ಮ ಶೆಡ್ಡಿಗೆ ಬನ್ನಿ. ಹಳೇ ಫೋನು ಒಂದಿದೆ, ಸೂರಿಗೆ ಕಟ್ಟಿದರೆ ವಿಡಿಯೊ ಬರುತ್ತದೆ. ಮುಂದಿನ ಸೋಮವಾರ ಮರಿ ಬಿಡುತ್ತಾರೆ. ನಮ್ಮಲ್ಲಿ ಮೂರನೇ ವಾರ ದಾಟಿದ ಮೇಲೆ ಕಾಲು ಹೋಗುವುದು ಶುರು. ಅಷ್ಟರೊಳಗೆ ಬಂದರೆ ಮೊದಲಿನಿಂದ ನೋಡಬಹುದು.

ಬಯಲುಸೀಮೆ

ಬರುತ್ತೇನೆ. ಡಾಕ್ಟ್ರೇ, ಆ ಅಂಕಪಟ್ಟಿ ಕಳಿಸಿ, ಕನ್ನಡಕ್ಕೆ ಮಾಡಿ ತರುತ್ತೇನೆ.